ಗೊಟ್ಟ ಹಿಡಿದು ಬರುತ್ತಿದ್ದ ದೊಡ್ಡವ್ವ

ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಆರು ದಿನದ ಕರು ಹಳದಿ ನೀರಾಗಿ ಭೇದಿ ಮಾಡಿಕೊಂಡು ಮೂಲೆ ಹಿಡಿದಿತ್ತು. ಆ ವಾಸನೆಗೆ ಎದುರುಮನೆ ದೊಡ್ಡವ್ವ ನೆನಪಾದಳು...

ನಾಲ್ಕು ವರ್ಷದ ಹಿಂದಿನ ಮಾತು. ದೇವಲಾಪುರದ ಪಕ್ಕದ ನಮ್ಮೂರಲ್ಲಿ ಯಾರ ಮನೆ ಕರು ಭೇದಿ ಮಾಡಿದರೂ ದೊಡ್ಡವ್ವ ಕರೆಯದೇ ಬರುತ್ತಿದ್ದಳು. ಚೊಂಬಿನಲ್ಲಿ ದಾಳಿಂಬೆ ಸಿಪ್ಪೆಯ ಕಷಾಯ, ಅದನ್ನು ಗಂಟಲಿಗೆ ಹೊಯ್ಯಲು ಬಿದಿರಿನ ಗೊಟ್ಟ. “ಕುಡಿಯೋ, ನಿಮ್ಮಪ್ಪ ಇಂಜೆಕ್ಷನ್ನಲ್ಲಿ ಬಂದೋನು, ನಾನಾದ್ರೂ ನೋಡ್ಕಬ್ಯಾಡ್ವಾ?” ಎಂದು ಕರುವಿನ ಬಾಯಿ ಬಿಡಿಸುವಳು. ಆಮೇಲೆ ಅದೇ ಗೊಟ್ಟದಲ್ಲಿ, ಭೇದಿ ಹಿಡಿಯೋಕೆ ಮುಂಚೇನೇ ಇರಲಿ ಎಂದು, ಬೀದಿಯ ಎಳೆಗರುಗಳಿಗೂ ಒಂದೊಂದು ಗುಟುಕು.

ಒಂದು ವಾರದಲ್ಲೇ ಬೀದಿಯ ಮೂರು ಕರು ಮಲಗಿದವು, ಒಂದು ಸತ್ತಿತು. ಬಂದ ದನದ ಡಾಕ್ಟರು, “ಇದು ರೋಟಾ ವೈರಸ್ಸು ಇರ್ಬೇಕು. ಅದನ್ನ ಕೊಲ್ಲೋ ಔಷಧಿ ಇಲ್ಲ. ಮೈಯಲ್ಲಿ ನೀರು ಬತ್ತದಂಗೆ ಉಪ್ಪು-ಸಕ್ಕರೆ ನೀರು ಕುಡಿಸ್ತಾ ಇರಿ. ಕೈಯಿಂದ, ಪಾತ್ರೆಯಿಂದ ಹರಡುತ್ತೆ, ಹುಷಾರು” ಎಂದರು.

ಬೀದಿಯಲ್ಲಿ ಆದದ್ದನ್ನೆಲ್ಲ ದಿನವೂ ಬರೆದಿಡುವುದು ನನ್ನ ಅಭ್ಯಾಸ. ಮನೆಗೆ ಬಂದು ಡೈರಿ ತೆಗೆದೆ. ಮಂಗಳವಾರ ದೊಡ್ಡವ್ವ ಹೋದ ಮನೆಯಲ್ಲಿ ಗುರುವಾರ ಭೇದಿ. ಗುರುವಾರ ಹೋದ ಮನೆಯಲ್ಲಿ ಶನಿವಾರ. ಮತ್ತೆ ಮತ್ತೆ ಎಣಿಸಿದೆ. ಅದೇ ಎರಡು ದಿನದ ಅಂತರ.

ಭಾನುವಾರ ಅವಳು ನಮ್ಮ ಅಂಗಳಕ್ಕೆ ಬಂದಳು. ಒಳಗೆ ನಮ್ಮ ಎರಡು ದಿನದ ಕರು ಇತ್ತು. ನಾನು ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತೆ. ಹೇಳಿದರೆ ಇವಳು ನೊಂದಾಳು, ಸುಮ್ಮನಿದ್ದರೆ ಕರು ಸತ್ತೀತು... ಹಿಂದೆಯೂ ಹೋಗಲಾರೆ, ಮುಂದೆಯೂ ಹೋಗಲಾರೆ.

“ಸರ್ಕೊ ಮಗ, ಯಾಕಿಂಗ್ ನಿಂತ್ಕಂಡೆ?” ಹೆಣ್ಣಾದರೂ ನಾನು ಅವಳ ಬಾಯಲ್ಲಿ ಮಗನೇ.

“ಬ್ಯಾಡ ದೊಡ್ಡವ್ವ.” ಕಂಕುಳಲ್ಲಿದ್ದ ಡೈರಿ ತೆಗೆದು ಓದಿದೆ. ಮನೆ, ದಿನ, ಮನೆ, ದಿನ. ಮೂರನೆಯದಕ್ಕೆ ಅವಳು ಜಗಲಿ ಮೇಲೆ ಕೂತುಬಿಟ್ಟಳು.

“ಅಂಗಾರೆ ನಾನೇ ತಕ್ಕಂಡೋಗಿ ಅಂಟಿಸ್ದ್ನಾ, ಮಗ?”

ನಾನು ಡೈರಿ ಮುಚ್ಚಿದೆ.

ನಮ್ಮ ಕರು ಉಳಿಯಿತು. ದೊಡ್ಡವ್ವ ಮತ್ತೆ ಯಾರ ಕೊಟ್ಟಿಗೆಗೂ ಹೋಗಲಿಲ್ಲ. ಬಿಸಿನೀರು, ಸೋಪಿನಲ್ಲಿ ಕೈ, ಗೊಟ್ಟ ತೊಳೆದು ಬಂದರೆ ಸಾಕು ಎಂದು ನಾನೇ ಹೋಗಿ ಕರೆದೆ. “ಬುಡು ಮಗ” ಅಂದಳು, ಅಷ್ಟೆ. ಹೋದ ವರ್ಷ ತೀರಿಕೊಂಡಳು.

ಇವತ್ತು ಉಪ್ಪು-ಸಕ್ಕರೆ ನೀರು ಕಲಸಿಕೊಂಡು, ಕರುವನ್ನು ಹಿಡಿದುಕೊಳ್ಳಲು ಅವಳ ಸೊಸೆಯನ್ನು ಕೂಗಿದೆ. “ಬರಾಕಾಗಾಕಿಲ್ಲ ಕಣವ್ವ, ನಮ್ಮನೇಲೂ ಎಳೆಗರು ಐತೆ” ಎಂದು ಬಾಗಿಲಿಂದಲೇ ಅಂದಳು. ಸರಿಯಾದ ಮಾತು. ಭೇದಿಯ ಕೊಟ್ಟಿಗೆಗೆ ಹೋಗಿ ಬಂದರೆ ಅಂಟುತ್ತದೆ ಎಂದು ಬೀದಿಗೆಲ್ಲ ಕಲಿಸಿದವಳು ನಾನೇ.

ಒಬ್ಬಳೇ ಕುಡಿಸಿದೆ. ಕರು ಹಲ್ಲು ಕಚ್ಚಿಕೊಂಡಿತ್ತು. ಅರ್ಧ ನೀರು ನೆಲಕ್ಕೇ ಹೋಯಿತು.