ಬಾಣಂತಿ ಅಕ್ಕನಿಗೆ ತಂದ ನಗೆಪುಸ್ತಕಗಳು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ಕುಂದಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುತ್ತಿದ್ದೆ. ಬೇಸಿಗೆ ರಜೆ ಹತ್ತಿರವಾದಾಗ ಊರಿನಿಂದ ಅಪ್ಪಯ್ಯ ಬಂದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕನಿಗೆ ಗಂಡುಮಗು ಹುಟ್ಟಿದ ಸುದ್ದಿ ತಂದರು. ಜೊತೆಗೆ ಅವಳು ಹೇಳಿ ಕಳಿಸಿದ ಒಂದು ಮಾತು: "ರಜೆಗೆ ಬಪ್ಪತ್ತಿಗೆ ಪುಸ್ತಕ ತಕಂಬಾ. ನೆಗಿ ಬಪ್ಪದೇ ಆಯ್ಕ್. ಮರ್ಕು ಬಪ್ಪ ಕಥೆ ತಂದ್ರೆ ಕೋಣಿ ಒಳಗ್ ಸೇರ್ಸುದಿಲ್ಲ."

ನಮ್ಮ ಕಡೆ ಬಾಣಂತಿ ನಲವತ್ತು ದಿನ ಓದಬಾರದು, ಹೊಲಿಯಬಾರದು. ಕಣ್ಣು ಕೆಡುತ್ತದೆ ಎನ್ನುತ್ತಾರೆ. ಬೆಲ್ಲ ಕಟ್ಟಿ ತಂದ ಕಾಗದವನ್ನೂ ಬಿಡಿಸಿ ಓದುತ್ತಿದ್ದ ಅಕ್ಕ ಈಗ ಮಸುಕು ಕೋಣೆಯಲ್ಲಿ ತೊಲೆ ನೋಡುತ್ತಾ ಮಲಗಿದ್ದಳು. ನಾನು ಓದಿ ಹೇಳಬೇಕು, ಅವಳು ಕೇಳಿ ನಗಬೇಕು, ಅಳಬಾರದು.

ಶಾಲೆಯ ವಾಚನಾಲಯಕ್ಕೆ ರಜೆಯಲ್ಲಿ ಬೀಗ. ಮುಚ್ಚುವ ಮುನ್ನ ಒಬ್ಬರಿಗೆ ಮೂರು ಪುಸ್ತಕ ಕೊಡುತ್ತಿದ್ದರು. ತಪ್ಪಾಗಿ ಆರಿಸಿದರೆ ಬದಲಾಯಿಸಲು ಮಳೆಗಾಲವೇ ಬರಬೇಕು. ಆದ್ದರಿಂದ ಒಂದು ಕ್ರಮ ಮಾಡಿಕೊಂಡೆ. ಮೊದಲು ಕೊನೆಯ ಪುಟ. ಅಲ್ಲಿ ಯಾರಾದರೂ ಸತ್ತಿದ್ದರೆ ಪುಸ್ತಕ ಕಪಾಟಿಗೆ ವಾಪಸು. ಆಮೇಲೆ ನಡುವಿನ ಒಂದು ಪುಟವನ್ನು ಪಿಸುದನಿಯಲ್ಲಿ ಓದುವುದು. ನಾಲಿಗೆ ತೊಡರಿದರೆ ಅದೂ ವಾಪಸು. ಸೀಮೆಎಣ್ಣೆ ಸಿಗದ ದಿನಗಳಾದ್ದರಿಂದ ಓದುವುದೆಲ್ಲ ಮಧ್ಯಾಹ್ನದ ಬೆಳಕಿನಲ್ಲೇ ಮುಗಿಯಬೇಕು, ಹಾಗಾಗಿ ದಪ್ಪ ಪುಸ್ತಕ ಬೇಡ. ಮೂರು ಸಂಜೆ ಹೀಗೇ ಕಳೆದ ಮೇಲೆ ಪುಸ್ತಕ ಕೊಡುವ ಮಾಸ್ತರರಿಗೆ ತಾಳ್ಮೆ ತಪ್ಪಿತು.

"ಎಂತ ಹೆಣೆ, ಎಲ್ಲಾ ಪುಸ್ತಕದ್ ಬಾಲ ಹಿಡ್ದ್ ಕಾಂಬುದ್? ಇಕಾ, ಇದನ್ನ್ ತಕಂಡ್ ಹೋಗ್. ನೀತಿ ಇತ್ತ್."

"ನೀತಿ ಶಾಲಿಯಗೆ ಇತ್ತಲ್ದಾ ಮಾಸ್ಟ್ರೇ, ರಜೆಗೂ ಬೇಕಾ?"

"ಬಾಯಿಗೆಂತ ಬರ ಇಲ್ಲ ನಿಂಗೆ" ಎಂದು ಅವರು ನಾನು ಆರಿಸಿಟ್ಟ ಮೂರಕ್ಕೂ ಮುದ್ರೆ ಒತ್ತಿದರು. ತಪ್ಪು ಮನೆಯ ಚಪ್ಪರ ಹೊಕ್ಕ ಮದುಮಗನದ್ದು ಒಂದು, ಚಿಲ್ಲರೆ ಹಾಸ್ಯಗಳದ್ದು ಇನ್ನೊಂದು. ಮೂರನೆಯದು ಕಳುವಾದ ಸರ ಹುಡುಕುತ್ತಾ ತನ್ನ ಕೊಡೆಯನ್ನೇ ಕಳೆದುಕೊಳ್ಳುವ ಪತ್ತೇದಾರನ ಕಾದಂಬರಿ.

ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು ತೆಕ್ಕಟ್ಟೆಯಲ್ಲಿ ಕೆಮ್ಮಿ ನಿಂತಾಗ ಮದುಮಗನ ಮೊದಲ ಅಧ್ಯಾಯ ಓದಿ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಹೆಂಗಸು ಬುಟ್ಟಿ ಎಳೆದುಕೊಂಡು ಸ್ವಲ್ಪ ಆಚೆ ಸರಿದಳು. ಹೊಳೆ ದಾಟುವ ದೋಣಿಯಲ್ಲಿ ಬಟ್ಟೆಗಂಟನ್ನು ಕಾಲಬುಡದಲ್ಲಿಟ್ಟು ಪುಸ್ತಕಗಳನ್ನು ಎದೆಗೆ ಅವಚಿಕೊಂಡಿದ್ದೆ. ಬ್ರಹ್ಮಾವರದಿಂದ ಮನೆಗೆ ನಡಿಗೆ.

ಮನೆಯಲ್ಲಿ ಬಾಣಂತನದ ಪೂರ್ತಿ ಅಧಿಕಾರ ಅಜ್ಜಿಯದ್ದು. ಅವರು ಬಾಗಿಲಲ್ಲೇ ತಡೆದರು.

"ಎಂತ ಪುಸ್ತಕ ಅದ್?"

"ನೆಗಿ ಬಪ್ಪದ್, ಅಜ್ಜಿ."

"ಶಿವನೇ! ಬಾಣ್ತಿ ನೆಗಾಡುಕಾಗ. ಹೊಟ್ಟಿಗೆ ಗಾಳಿ ಹೊಕ್ಕತ್ತ್."

ಅಷ್ಟು ಪುಸ್ತಕಗಳ ಕೊನೆಯ ಪುಟ ನೋಡಿದ ನನಗೆ, ಬಾಣಂತಿ ನಗಲೇಬಾರದು ಎಂಬುದು ಹೊಳೆದೇ ಇರಲಿಲ್ಲ.

"ಹಂಗಾರೆ ಮರ್ಕು ಬಪ್ಪದ್ ಓದ್ಲಕ್ಕಾ?"

"ಅದೂ ಆಗ. ಹಾಲ್ ಒಣಗತ್ತ್."

"ಮತ್ತೆಂತ ಓದುದ್?"

ಕೋಣೆಯೊಳಗಿಂದ ಅಕ್ಕ ಹೇಳಿದಳು: "ನಿನ್ ಭೂಗೋಳದ್ ಪುಸ್ತಕ ಓದ್ ಮಾರಾಯ್ತಿ. ಅದ್ರಗೆ ಎರಡೂ ಇಲ್ಲ." ಮಾತು ತಮಾಷೆಯದ್ದು, ಸ್ವರ ಮಾತ್ರ ಸಣ್ಣದಾಗಿತ್ತು. ಅದು ಅಜ್ಜಿಗೂ ಕೇಳಿಸಿರಬೇಕು.

"ಮೊದ್ಲ್ ನಾ ಕೇಂಡ್ ಕಾಂತೆ" ಎಂದರು. "ನಂಗೆ ನೆಗಿ ಬರ್ದಿದ್ರೆ ಅವ್ಳಿಗೆ ಓದ್ಲಕ್ಕ್."

ಮರುದಿನ ಊಟವಾದ ಮೇಲೆ ಅಜ್ಜಿ ಜಗಲಿಯಲ್ಲಿ ಕೋಲು ಹಿಡಿದು ಕುಳಿತರು. ಅಂಗಳದಲ್ಲಿ ಒಣಗಲು ಹಾಕಿದ್ದ ಹಲಸಿನ ಹಪ್ಪಳವನ್ನು ಕಾಗೆಯಿಂದ ಕಾಯಬೇಕಿತ್ತು. ನಾನು ಅಕ್ಕನ ಕೋಣೆಯ ಕಿಟಕಿಯ ಬುಡದಲ್ಲಿ ಕುಳಿತು ಓದತೊಡಗಿದೆ. ಅಜ್ಜಿ ಬಾಯಿ ಬಿಗಿದುಕೊಂಡಿದ್ದರು. ಮದುಮಗ ಬೇರೆಯವರ ಮನೆಯ ಪಾಯಸವನ್ನು ಎರಡನೆಯ ಸಲ ಬಡಿಸಿಕೊಂಡಾಗ ಅವರ ಭುಜ ಅಲುಗಿತು. ಅಸಲು ಮದುಮಗ ಬಾಗಿಲಿಗೆ ಬಂದಾಗ ಬಾಯಲ್ಲಿದ್ದ ಎಲೆಯಡಿಕೆ ನೆತ್ತಿಗೆ ಹತ್ತಿತು. ಕಾಗೆಗಳು ಹಪ್ಪಳಕ್ಕೆ ಇಳಿದವು.

"ಈ ಪುಸ್ತಕ ಆಗ" ಎಂದು ಅಜ್ಜಿ ಕಣ್ಣೊರೆಸಿಕೊಂಡರು. "ಮುಂದ್ ಓದ್."

"ಆಗ ಅಂದ್ರಿ ಅಲ್ದಾ?"

"ಪೂರಾ ಕೇಣ್ದೆ ಹ್ಯಾಂಗ್ ಹೇಳುದ್?"

ದಿನಚರಿಯಲ್ಲಿ ಪ್ರತಿ ನಗುವಿಗೂ ಒಂದು ಗೀಟು ಹಾಕುವುದು ನನ್ನ ಪದ್ಧತಿ. ಆ ದಿನ ಅಜ್ಜಿಗೆ ಏಳು ಗೀಟು, ಅಕ್ಕನಿಗೆ ಸೊನ್ನೆ. ಕಿಟಕಿಯಾಚೆಯಿಂದ ಒಂದು ಸದ್ದೂ ಬಂದಿರಲಿಲ್ಲ. ಬೇಸರದಿಂದ ಒಳಗೆ ಹೋಗಿ ನೋಡಿದರೆ ಅಕ್ಕ ಕಂಬಳಿಯ ಮೂಲೆಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಮುಖ ಕೆಂಪು, ಕಣ್ಣಲ್ಲಿ ನೀರು.

"ನಾಳೆ ಇನ್ನೂ ಗಟ್ಟಿ ಓದ್" ಎಂದಳು, ಉಸಿರು ಎಳೆದುಕೊಂಡು.

ಎರಡನೆಯ ಪುಸ್ತಕವನ್ನೂ ಅಜ್ಜಿ ಕೊನೆಯ ಸಾಲಿನವರೆಗೆ ಕೇಳಿ, ಬಾಣಂತಿಗೆ ಆಗದು ಎಂದು ತೀರ್ಪು ಕೊಟ್ಟರು. ಮೂರನೆಯದರಲ್ಲಿ ಪತ್ತೇದಾರ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿ, ಕಳ್ಳನ ಕಡೆ ಬೆರಳು ತೋರಿಸುವ ಹೊತ್ತಿಗೆ ನಮ್ಮ ಕರು ಹಗ್ಗ ಬಿಚ್ಚಿಕೊಂಡು ಹಪ್ಪಳದ ಚಾಪೆಗೆ ನುಗ್ಗಿತು. ಅಜ್ಜಿ ಕೋಲು ಹಿಡಿದು ಓಡಿದರು. ಪರೀಕ್ಷಕರೇ ಎದ್ದು ಹೋದಮೇಲೆ ನಾನು ಓದು ನಿಲ್ಲಿಸಿದೆ.

"ಯಾರೇ ಕದ್ದದ್?" ಕಿಟಕಿಯಿಂದ ಅಕ್ಕನ ಕೂಗು ಅಂಗಳ ದಾಟಿತು. "ಓದೇ! ನಿಲ್ಸ್ಬೇಡ!"

ಅಂಗಳದ ನಡುವೆ ಅಜ್ಜಿ ನಿಂತುಬಿಟ್ಟರು. ಇಷ್ಟು ದಿನ ಅವಳು ಕೇಳುತ್ತಲೇ ಇದ್ದಳೆಂಬುದು ಬಯಲಾಗಿತ್ತು. ಇನ್ನು ಪುಸ್ತಕಗಳು ಅಟ್ಟಕ್ಕೇ ಎಂದುಕೊಂಡು ನಾನು ಕೈಯಲ್ಲಿದ್ದುದನ್ನು ಮಡಚಿ ಹಿಡಿದೆ.

"ಹ್ವಾಯ್ ಹೆಣೆ! ನಾ ಬಪ್ಪುಕ್ ಮುಂಚೆ ಒಂದಕ್ಷರ ಓದ್ರೆ ಕಾಣ್ ಮತ್ತೆ!" ಎಂದು ಅಜ್ಜಿ ಕೂಗಿದರು.

ಕರುವನ್ನು ಕಟ್ಟಿ ಬಂದವರು ಜಗಲಿಗೆ ಬರಲಿಲ್ಲ. ನೆಟ್ಟಗೆ ಅಕ್ಕನ ಕೋಣೆಗೆ ಹೋಗಿ ನನ್ನನ್ನೂ ಕರೆದರು. ಬಾಣಂತಿಯ ಹೊಟ್ಟೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಮತ್ತೊಂದು ಸುತ್ತು ಹೆಚ್ಚಿಗೆ ಹಾಕಿ, ಎರಡೂ ಕೈಯಲ್ಲಿ ಎಳೆದು ಬಿಗಿದರು.

"ಉಸ್ರ್ ಬಿಡುಕ್ ಆತ್ತಾ?"

"ಆತ್ತ್ ಅಜ್ಜಿ."

"ಹಂಗಾರೆ ನೆಗಾಡ್ಲಕ್ಕ್. ಗಾಳಿ ಹೊಗುಕೆ ಜಾಗ ಇಲ್ಲ ಈಗ." ಅವರು ಮಂಚದ ಬುಡದಲ್ಲಿ ಕಾಲು ಚಾಚಿ ಕುಳಿತರು. "ಓದ್. ಯಾರ್ ಕದ್ದದ್?"

ಓದಿದೆ. ಸರ ಯಾರೂ ಕದ್ದಿರಲಿಲ್ಲ; ಎಲ್ಲೋ ಬಿದ್ದಿದ್ದ ಅದು, ಪತ್ತೇದಾರ ಮನೆಯೆಲ್ಲ ಹುಡುಕುವಾಗ ಅವನು ಕಳೆದುಕೊಂಡ ಕೊಡೆಯ ಮಡಿಕೆಯಲ್ಲೇ ಸಿಕ್ಕಿಕೊಂಡಿತ್ತು. ಅಕ್ಕ ಬಾಯಿ ತುಂಬ, ಗಟ್ಟಿಯಾಗಿ ನಕ್ಕಳು. ತೊಟ್ಟಿಲಲ್ಲಿ ಮಗು ಬೆಚ್ಚಿ ಅತ್ತಿತು. ಅಜ್ಜಿ ನಗುತ್ತಲೇ ಎದ್ದು ಮಗುವನ್ನು ಹೆಗಲಿಗೆ ಹಾಕಿಕೊಂಡರು.

"ಮಗಿಗೆ ಎಚ್ಚರ ಆಯ್ತ್, ಒಂಚೂರ್ ನಿಲ್ಸ್" ಎಂದವರು ಬಾಗಿಲವರೆಗೆ ಹೋಗಿ ತಿರುಗಿದರು. "ಬೇಡ ಬೇಡ, ಓದ್. ಕೊಡಿ ಒಳಗೆ ಸರ ಹ್ಯಾಂಗ್ ಹೋಯ್ತಂಬ್ರ್?"