ಗುಡ್ಡದ ಇನ್ನೊಂದು ಪ್ರತಿ

ಹೊಸಪೇಟೆಯ ಒಂದು ಸರ್ವೆ ಕಚೇರಿಯಲ್ಲಿ ಕಂಪ್ಯೂಟರುಗಳ ಹೊಣೆ ನನ್ನದು. ಸಂಡೂರಿನ ಗಣಿಗಳ ನಕ್ಷೆ ಮಾಡುವುದು ಕಚೇರಿಯ ಕೆಲಸ. ನಾನು ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ಸರ್ವೇಯರ್, ಅಗೆತ ಶುರುವಾಗುವ ಮೊದಲೇ ಒಂದು ಗುಡ್ಡವನ್ನು ಬುಡದಿಂದ ನೆತ್ತಿಯವರೆಗೆ ನಡೆದು ಅಳೆದಿದ್ದರು. ಈಗ ಆ ನೆತ್ತಿಯೇ ಇರಲಿಲ್ಲ. ಅದಿರಾಗಿ ಲಾರಿ ಹತ್ತಿ ಹೋಗಿತ್ತು. ಗುಡ್ಡ ಮೊದಲು ಹೇಗಿತ್ತು ಎಂಬುದು ಉಳಿದಿದ್ದು ನಮ್ಮ ಹಳೆಯ ಸರ್ವರಿನಲ್ಲಿ ಮಾತ್ರ. ಮತ್ತೊಮ್ಮೆ ಅಳೆಯೋಣವೆಂದರೆ ಅಳೆಯಲು ಏನೂ ಇಲ್ಲ.

ಇದನ್ನೇ ಕಚೇರಿಯ ಮಾಲೀಕರಿಗೆ ಹೇಳಿ ಹೇಳಿ, ಬ್ಯಾಕಪ್ಪಿಗೆಂದು ಅಕ್ಕ ಒಂದು ನೆಟ್‌ವರ್ಕ್ ಸ್ಟೋರೇಜ್ ತರಿಸಿದರು. ಕರಿ ಡಬ್ಬಿ, ಒಳಗೆ ಎರಡು ಡಿಸ್ಕು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ. ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಕೆಂಪು ಧೂಳು ಕಡಿಮೆ ಬೀಳುವ ಒಳಕೋಣೆಯಲ್ಲಿಟ್ಟು, ಕೇಬಲ್ ಹಾಕಿ, ನೆಟ್‌ವರ್ಕಿನಲ್ಲಿ ಅದಕ್ಕೊಂದು ವಿಳಾಸ ಕೊಟ್ಟು, ಸರ್ವರಿನಿಂದ ನಕಲು ಶುರುಮಾಡಿದೆ.

ಮರುದಿನ ನಾನು ಕಂಪ್ಲಿ ಬಸ್ಸಿಳಿದು ಬರುವಷ್ಟರಲ್ಲಿ ಪೂಜೆಗೆ ಎಲ್ಲ ಸಿದ್ಧವಾಗಿತ್ತು; ನಕಲು ಮಾತ್ರ ಮುಗಿದಿರಲಿಲ್ಲ. ಆ ದಿನ ನಮ್ಮಲ್ಲಿ ಯಂತ್ರಗಳನ್ನೆಲ್ಲ ಆರಿಸಿ, ಒರೆಸಿ, ವಿಭೂತಿ ಹಚ್ಚಿ, ಮರುದಿನದವರೆಗೆ ಮುಟ್ಟದೆ ಬಿಡುತ್ತಾರೆ. ಹೋದ ವರ್ಷ ಹೀಗೆ ಆರಿಸಿದ ಸರ್ವರ್ ಮತ್ತೆ ಏಳಲು ಬಹಳ ಸತಾಯಿಸಿತ್ತು. ಈ ಸಲ ಏಳುತ್ತದೆಂಬ ಭರವಸೆ ಇಲ್ಲವೆಂದು ಅಕ್ಕನ ಕಿವಿಯಲ್ಲಷ್ಟೇ ಹೇಳಿದೆ. ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ನಕಲು ಮುಗಿಯೋತನ ಯಾರೂ ಸ್ವಿಚ್ ಮುಟ್ಟಂಗಿಲ್ರಿ."

ಬಾಗಿಲಲ್ಲಿ ಕುಂಬಳಕಾಯಿ ಹಿಡಿದು ನಿಂತಿದ್ದ ಜೀಪಿನ ಡ್ರೈವರ್, "ಮೇಡಮ್ಮಾರ, ಕೈ ಬಿದ್ದು ಹೋಗ್ತಾವ. ಇದನ್ನ ಪಲ್ಯ ಮಾಡಿಬಿಡ್ಲೇನ್ರಿ?" ಎಂದ.

"ಮಾಡಪ್ಪ. ಖಾರ ನೋಡಿ ಹಾಕು."

ಮಾಲೀಕರು ನಗಲಿಲ್ಲ. "ಒಂದು ಡಬ್ಬಿ ಸಲುವಾಗಿ ದೇವರನ್ನ ಕಾಯಿಸ್ತೀರೇನ್ರಿ ಮೇಡಂ?"

"ದೇವರು ಕಾಯ್ತಾನ್ರಿ ಸಾರ್. ಗುಡ್ಡ ಹೋದ್ರ ನೀವು ತಂದುಕೊಡ್ತೀರೇನ್ರಿ?"

ಅಷ್ಟು ಜನರೆದುರು ಆ ಮಾತು ನನ್ನ ಬಾಯಿಗೆ ಬರುತ್ತಿರಲಿಲ್ಲ. ಅಕ್ಕನಿಗೆ ದನಿ ಏರಿಸುವ ಅಗತ್ಯವೂ ಬೀಳಲಿಲ್ಲ. ಎಲ್ಲರೂ ಕಾದರು.

ನಕಲು ಮುಗಿದ ಮೇಲೂ ಅಕ್ಕ ಬಿಡಲಿಲ್ಲ. ಸರ್ವರಿನ ಕೇಬಲ್ ಕೀಳಿಸಿ, ಡಬ್ಬಿಯಿಂದಲೇ ನಕ್ಷೆ ತೆರೆಸಿ, ಗುಡ್ಡವನ್ನು ಎಲ್ಲ ಮಗ್ಗುಲಿಗೂ ತಿರುಗಿಸಿ ನೋಡಿದರು. ಆಮೇಲೆ ತಾವೇ ಸರ್ವರಿಗೆ ವಿಭೂತಿ ಹಚ್ಚಿದರು.

ಮರುದಿನ ಸರ್ವರ್ ಏಳಲಿಲ್ಲ. ಒಳಗಿನ ಡಿಸ್ಕು ಟಿಕ್ ಟಿಕ್ ಎಂದು ನಿಂತೇಹೋಯಿತು. ಮಾಲೀಕರ ಮುಖ ಬಿಳಿಚಿಕೊಂಡಿತು. ನನ್ನ ಕಂಪ್ಯೂಟರಿನಲ್ಲಿ ಡಬ್ಬಿಯ ಫೋಲ್ಡರ್ ತೆರೆದೆ. ಗುಡ್ಡ ಇಡಿಯಾಗಿ ಪರದೆಗೆ ಬಂತು. ಡ್ರೈವರ್ ಚಪ್ಪಾಳೆ ತಟ್ಟಿದ. ಮಾಲೀಕರು ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿದರು.

ಅಕ್ಕ ಮಾತ್ರ ಇನ್ನೂ ಕೂತಿರಲಿಲ್ಲ. "ತಂಗಿ, ಡಿಸ್ಕ್ ಎರಡಿದ್ರೂ ಡಬ್ಬಿ ಒಂದ. ಈಗ ಗುಡ್ಡ ಒಂದ ಕಡೆ ಐತಿ. ಮೊದಲು ಡಿವಿಡಿಗೆ ಹಾಕು," ಎಂದು ಖಾಲಿ ಡಿವಿಡಿಗಳನ್ನು ನನ್ನ ಮುಂದಿಟ್ಟರು. ಗೆದ್ದೆವೆಂದು ಉಳಿದವರೆಲ್ಲ ನಗುತ್ತಿದ್ದಾಗ ಅವರಿಗೆ ಕಂಡದ್ದು ಅದು.

ಮಿರ್ಚಿ ಆರುತ್ತಿತ್ತು. ಕೊನೆಯ ಡಿವಿಡಿ ಹೊರಬಂದ ಮೇಲೆ, ಎಲ್ಲದರ ಮೇಲೂ ಗುಡ್ಡದ ಹೆಸರು ಬರೆದು, ಮನೆಗೆ ಒಯ್ಯುವ ತಮ್ಮ ಚೀಲದೊಳಗೆ ಇಟ್ಟುಕೊಂಡು, ಅಕ್ಕ ತಟ್ಟೆಗೆ ಕೈ ಹಾಕಿದರು.