ಬಟ್ಟೆ ಕಟ್ಟಿದ ಕರಬೂಜ

ಮಿರ್ಲೆಯ ಚಿಕ್ಕಬೀರಮ್ಮನಿಗೆ ಸ್ವಂತದ್ದು ಅಂತ ಒಂದು ಗುಂಟೆ ನೆಲವಿರಲಿಲ್ಲ. ಇದ್ದದ್ದು ಬೇಸಿಗೆಯಲ್ಲಿ ಕಾವೇರಿ ಬಿಟ್ಟುಕೊಡುತ್ತಿದ್ದ ಮರಳಿನ ನಡುಗಡ್ಡೆ. ಹೊಳೆ ಇಳಿದ ಕೂಡಲೇ ಅಲ್ಲಿ ಗುಂಡಿ ತೋಡಿ, ಗೊಬ್ಬರ ಹೊತ್ತು ಹಾಕಿ, ಕರಬೂಜದ ಬೀಜ ಊರುತ್ತಿದ್ದಳು. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಅವಳ ಒಲೆ ಉರಿದದ್ದು ಇದರಿಂದಲೇ. ಬೀಜ ಅತ್ತೆ ಕೊಟ್ಟದ್ದು. ಬೇರೆ ಯಾವ ಬೀಜ ಹಾಕಿದರೂ ಆ ಮರಳಿನಲ್ಲಿ ಬರೀ ಬಳ್ಳಿ ಹಬ್ಬುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಅದಕ್ಕೇ ಮೊದಲು ಕಚ್ಚಿದ ಐದು ಕಾಯಿಗೆ ಹಳೇ ಸೀರೆಯ ಚೂರು ಕಟ್ಟಿ, ಮಿಕ್ಕಿದ್ದನ್ನೆಲ್ಲ ಮಾರಿ, ಬಳ್ಳಿ ಒಣಗುವ ತನಕ ಅವನ್ನು ಬೀಜಕ್ಕೆ ಬಿಡುತ್ತಿದ್ದಳು. ಬಟ್ಟೆ ಕಟ್ಟಿದ ಕಾಯಿಯನ್ನು ದನ ಕಾಯುವವರೂ ಮುಟ್ಟುತ್ತಿರಲಿಲ್ಲ.

ಮುಟ್ಟಲು ಒಬ್ಬ ಓದಿದವನೇ ಬರಬೇಕಾಯಿತು.

ಗೋವಿಂದಯ್ಯ ಕೃಷ್ಣರಾಜನಗರದಲ್ಲಿ ಇಂಗ್ಲಿಷ್ ಮೇಷ್ಟ್ರು. ಬ್ರಿಟಿಷರು ಬರೆದ ದ್ವೀಪದ ಕಾದಂಬರಿಗಳೆಂದರೆ ಅವರಿಗೆ ಪಂಚಪ್ರಾಣ. ಆ ಪುಸ್ತಕಗಳಲ್ಲಿ ಹಡಗು ಒಡೆದು ಒಬ್ಬ ದೊರೆ ದಡ ಸೇರುತ್ತಾನೆ. ಸೇರಿದ್ದೇ ತಡ, ಮರ ಅವನದು, ನೀರು ಅವನದು, ಅಲ್ಲೇ ಹುಟ್ಟಿದವರು ಮಾತ್ರ ಕಾಡುಜನ. ಪ್ರಕೃತಿಯ ಮಡಿಲಲ್ಲಿ ಮನುಷ್ಯನ ನಿಜ ಸ್ವಭಾವ ಹೊರಬೀಳುತ್ತದೆ ಎಂದು ಮೇಷ್ಟ್ರು ಕ್ಲಾಸಿನಲ್ಲಿ ಹೇಳುತ್ತಿದ್ದರು. ಪಾಪ, ಅದೊಂದು ಮಾತು ನಿಜ.

ಅದನ್ನು ಖುದ್ದಾಗಿ ನೋಡಲು ಯುಗಾದಿ ರಜೆಯಲ್ಲಿ ಹರಿಗೋಲಿನ ಕುಳ್ಳಯ್ಯನ ಕೈಲಿ ನಡುಗಡ್ಡೆಗೆ ಬಿಡಿಸಿಕೊಂಡರು. ಪ್ರಕೃತಿಯನ್ನು ನಂಬಿ ಹೊರಟವರ ಗಂಟಿನಲ್ಲಿ ಅಕ್ಕಿ, ಉಪ್ಪಿನಕಾಯಿ, ಕೊಡೆ ಎಲ್ಲವೂ ಇದ್ದವು.

“ಇದು ಚಿಕ್ಕಬೀರಮ್ಮನ...” ಎಂದು ಕುಳ್ಳಯ್ಯ ಬಾಯಿ ತೆರೆದ.

“ಮಾತಾಡಬೇಡಯ್ಯ. ನನಗೆ ಏಕಾಂತ ಬೇಕು.”

“ಅಂಗೇ ಆಗ್ಲಿ ಬುಡಿ” ಎಂದು ಅವನು ಹರಿಗೋಲು ತಿರುಗಿಸಿದ.

ಮಗಳ ಬಾಣಂತನಕ್ಕೆ ಸಾಲಿಗ್ರಾಮಕ್ಕೆ ಹೋಗಿದ್ದ ಚಿಕ್ಕಬೀರಮ್ಮ ಎಂಟನೆಯ ದಿನ, ಮೇಷ್ಟ್ರು ವಾಪಸಾದ ಮೇಲೆ, ಬಂದು ನೋಡಿದಳು. ಐದು ಚಿಂದಿಗಳೂ ಮರಳ ಮೇಲೆ ಬಿದ್ದಿದ್ದವು. ಬೀಜಕ್ಕಾಗಿ ಮರಳೆಲ್ಲ ಕೆದಕಿದಳು. ಸಿಕ್ಕಿದ್ದು ಹುರಿದು ತಿಂದು ಉಗುಳಿದ ಸಿಪ್ಪೆ. ಮಿಕ್ಕ ಹಣ್ಣೆಲ್ಲ ಆಗಲೇ ಮಾರಿಹೋಗಿತ್ತು, ಮನೆಯಲ್ಲಿದ್ದ ಬೀಜವನ್ನೆಲ್ಲ ಈ ಸಲವೇ ಊರಿಯಾಗಿತ್ತು. ತಿಂದವರು ಯಾರೆಂದು ಕುಳ್ಳಯ್ಯನಿಂದ ತಿಳಿದು, ನೇರ ಸ್ಕೂಲಿಗೆ ನಡೆದಳು.

ಮೇಷ್ಟ್ರು ಹುಡುಗರಿಗೆ ತಮ್ಮ ಸಾಹಸ ಹೇಳುತ್ತಿದ್ದರು. “ಕಾಡುಜನರ ಗುರುತು ಕಂಡೆ. ಹಣ್ಣಿಗೆ ಚಿಂದಿ ಕಟ್ಟಿ ಪೂಜಿಸುತ್ತಾರೆ. ನಾನು ಹೆದರಲಿಲ್ಲ, ಬಿಚ್ಚಿ ತಿಂದೆ.”

ಚಿಕ್ಕಬೀರಮ್ಮ ಬಾಗಿಲಲ್ಲೇ ನಿಂತು ಕೇಳಿದಳು. “ಮೇಷ್ಟ್ರೇ, ನಿಮ್ದು ಯಾವೂರು?”

“ಕಟ್ಟೆಮಳಲವಾಡಿ. ಯಾಕಮ್ಮ?”

“ನಿಮ್ಮವ್ವ ಸೋರೆಕಾಯ ಬೀಜಕ್ಕೆ ಬುಟ್ರೆ ಅದಕ್ಕೆ ಏನ್ ಕಟ್ತಿದ್ರು?”

ಹಿತ್ತಲ ಬೇಲಿಯ ಮೇಲಿನ ಸೋರೆ, ಅದಕ್ಕೆ ಸುತ್ತಿದ ಅವ್ವನ ಸೀರೆಯಂಚು ಮೇಷ್ಟ್ರ ಕಣ್ಣಿಗೆ ಬಂದವು.

“ಬಟ್ಟೆ” ಎಂದರು.

“ಅಂಗಾರೆ ಕಾಡುಜನ ಯಾರು ಅಂತ ಮಕ್ಕಳಿಗೆ ಸರ್ಯಾಗಿ ಯೋಳಿ. ನೀವು ತಿಂದದ್ದು ಹಣ್ಣಲ್ಲ ಕಣ್ರೀ, ನನ್ ಮುಂದಿನ್ ವರ್ಸದ ಅನ್ನ.”

ಸಂತೆಯಿಂದ ಐದು ಹಣ್ಣು ತರಿಸಿಕೊಡುತ್ತೇನೆ ಎಂದರು ಮೇಷ್ಟ್ರು. ಅಷ್ಟು ಓದಿದವರಿಗೆ ಅಷ್ಟೇ ಹೊಳೆದದ್ದು. ಅವಳು ಸೆರಗು ಕೊಡವಿ ಹೊರಟಳು.

ಮರುವರ್ಷವೂ ಗೋವಿಂದಯ್ಯ ದ್ವೀಪದ ಪಾಠ ಮಾಡಿದರು. ಕಾಡುಜನರ ಪುಟ ಬಂದಾಗ ಮಾತ್ರ ಹುಡುಗರ ಕೈಲಿ ಓದಿಸಿ, ತಾವು ಕಿಟಕಿಯ ಕಡೆ ತಿರುಗಿ ನಿಂತರು. ಆ ಬೇಸಿಗೆಯಿಡೀ ಚಿಕ್ಕಬೀರಮ್ಮ ಕಂಡವರ ಹೊಲದಲ್ಲಿ ಕಳೆ ಕಿತ್ತಳು.